ಬೀಗದ ಕೈ ಕೊಟ್ಟು ಹೋದ ಮನೆಯ ಬೆಕ್ಕು, ಗಿಡ

(ದುಬೈಯಲ್ಲಿ ನಡೆದ ನಮ್ಮ ವಾರ್ಷಿಕ ಕೂಟದಲ್ಲಿ ಆಡಿದ ಮಾತು)



ನಾನು ಐಟಿಐ ಮಾಡಿದ ಎಲೆಕ್ಟ್ರಿಷಿಯನ್. ಭಾಷಣ ನಮ್ಮ ಲೈನ್ ಅಲ್ಲ. ಆದರೂ ಬೇಸಿಗೆ ರಜೆ ಬರುವ ಮುಂಚೆ ಒಂದು ವಿಷಯ ಹೇಳಬೇಕು ಅಂತ ಕಾರ್ಯದರ್ಶಿಗಳ ಹತ್ತಿರ ಹತ್ತು ನಿಮಿಷ ಕೇಳಿ ತಗೊಂಡಿದ್ದೀನಿ.

ಶಾಲೆಗೆ ರಜೆ ಬಿಟ್ಟ ಕೂಡಲೇ ಫ್ಯಾಮಿಲಿಯವರು ಊರಿಗೆ ಹೋಗ್ತಾರೆ, ಫ್ಲ್ಯಾಟಿನ ಬೀಗದ ಕೈ ನಮ್ಮಂಥವರಿಗೆ ಬರುತ್ತೆ. "ದಿನಾ ಗಿಡಕ್ಕೆ ನೀರು, ಬೆಕ್ಕಿಗೆ ಊಟ, ಅಷ್ಟೇ ತಮ್ಮಾ" ಅಂತಾರೆ. ಇವು ಎರಡು ಬೇರೆ ಬೇರೆ ಕೆಲಸ ಅಂತ ನಾವು ತಿಳ್ಕೊಂಡಿರ್ತೀವಿ. ಆದರೆ ಇಡೀ ದಿನ ಒಂಟಿಯಾಗಿರುವ ಬೆಕ್ಕಿಗೆ ಆಡೋಕೆ ಇರೋದೇ ಆ ಗಿಡಗಳು.

ಹೋದ ವರ್ಷ ಜುಲೈನಲ್ಲಿ ನಮ್ಮ ಹಾಸನ ಕಡೆ ಹುಡುಗ ಅಲ್ ಕುಸೈಸಿನ ಒಂದು ಫ್ಲ್ಯಾಟಿನಿಂದ ಫೋನ್ ಮಾಡಿದ. "ಅಣ್ಣಾ, ಹಾಲ್‌ನಲ್ಲಿ ಕರೆಂಟ್ ಇಲ್ಲ, ಫ್ರಿಜ್ಜೂ ಆಫ್ ಆಗಿದೆ." ಹೋಗಿ ನೋಡಿದರೆ ಇಎಲ್‌ಸಿಬಿ ಟ್ರಿಪ್ ಆಗಿತ್ತು. ಟಿವಿ ಪಕ್ಕದ ಹೂದಾನಿಯನ್ನ ಬೆಕ್ಕು ಉರುಳಿಸಿ, ನೀರೆಲ್ಲ ಎಕ್ಸ್‌ಟೆನ್ಷನ್ ಬೋರ್ಡಿಗೆ ಇಳಿದಿತ್ತು. ನನ್ನ ಕೆಲಸ ಕಾಲು ಗಂಟೆಯಲ್ಲಿ ಮುಗೀತು. ಆಮೇಲೆ ಬೆಕ್ಕಿನ ಮೂತಿ ನೋಡಿದೆ, ಅರಿಶಿನ ಮೆತ್ತಿದ ಹಾಗೆ ಕಿತ್ತಳೆ ಬಣ್ಣದ ಪುಡಿ. ಮನೆಯವರು ಹೊರಡುವ ಹಿಂದಿನ ದಿನ ಮಗಳ ಹುಟ್ಟುಹಬ್ಬಕ್ಕೆ ಬಂದ ಹೂಗುಚ್ಛ ಅದು, ತುಂಬ ಲಿಲ್ಲಿ. ಬೆಕ್ಕು ಎರಡು ಸಲ ವಾಂತಿ ಮಾಡ್ಕೊಂಡಿತ್ತು.

ಮನೆಯವರಿಗೆ ಫೋನ್ ಮಾಡಿ ಕೇಳಿ, ಟ್ಯಾಕ್ಸಿಯಲ್ಲಿ ಡಾಕ್ಟರ ಹತ್ತಿರ ಒಯ್ದೆವು. ಅವರು ಮೊದಲು ಕೇಳಿದ್ದೇ ಯಾವ ಹೂವು ಅಂತ. ಹುಡುಗ ಫೋಟೋ ತೋರಿಸಿದ. ಬೆಕ್ಕಿಗೆ ಲಿಲ್ಲಿಯ ಎಲೆ, ಎಸಳು, ಪರಾಗ ಎಲ್ಲವೂ ವಿಷ, ಹೂದಾನಿಯ ನೀರು ಕೂಡ. ಮೈಮೇಲೆ ಬಿದ್ದ ಪುಡಿಯನ್ನ ನೆಕ್ಕಿದರೂ ಸಾಕು, ಒಂದರಿಂದ ಮೂರು ದಿನದಲ್ಲಿ ಕಿಡ್ನಿ ಹೋಗುತ್ತೆ. ಬೇಗ ಡ್ರಿಪ್ ಹಾಕಿದರೆ ಉಳಿಯುತ್ತೆ, ಬೆಳಗಾಗಲಿ ನೋಡೋಣ ಅಂದರೆ ಕಷ್ಟ. ಮೂರು ದಿನ ಇಟ್ಕೊಂಡು ಕಳಿಸಿದರು. ಬೆಕ್ಕು ಉಳೀತು, ಬಿಲ್ಲು ಮನೆಯವರೇ ಕೊಟ್ಟರು. ವಾಪಸ್ ಬರುವಾಗ ಆ ಹುಡುಗ "ಅದು ಸತ್ತಿದ್ರೆ ನನ್ನ ಮೇಲೇ ಬರ್ತಿತ್ತಲ್ಲಾ ಅಣ್ಣಾ" ಅಂದ. ಹೌದು, ಬರ್ತಿತ್ತು. ಬೀಗದ ಕೈ ಯಾರ ಹತ್ತಿರ ಇರುತ್ತೋ ಅವನನ್ನೇ ಕೇಳೋದು.

ಎಲ್ಲ ಗಿಡವೂ ಹೀಗಲ್ಲ. ಮನಿಪ್ಲಾಂಟ್ ಇಲ್ಲದ ರೂಮು ದುಬೈಯಲ್ಲಿ ಯಾವುದಿದೆ? ಅದು ನಮ್ಮ ಕೆಸುವಿನ ಜಾತಿ. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತಲ್ಲ, ಅದೇ ಸೂಜಿಯಂಥ ಹರಳು ಮನಿಪ್ಲಾಂಟಿನಲ್ಲೂ ಇದೆ. ಬೆಕ್ಕೋ ನಾಯಿಯೋ ಕಚ್ಚಿದರೆ ಬಾಯಿ ಉರಿದು ಜೊಲ್ಲು ಸುರಿಸುತ್ತೆ, ಸಾಮಾನ್ಯವಾಗಿ ಸಾಯೋದಿಲ್ಲ. ಪೀಸ್ ಲಿಲ್ಲಿ ಅನ್ನೋದೂ ಇದೇ ಜಾತಿ, ಹೆಸರು ಕೇಳಿ ಗಾಬರಿ ಬೇಡ. ಲೋಳೆಸರ, ನಮ್ಮ ಅಕ್ಕಂದಿರು ತಂಬುಳಿಗೆ ಅಂತ ಬಾಲ್ಕನಿಯಲ್ಲಿ ಬೆಳೆಸುವ ದೊಡ್ಡಪತ್ರೆ, ಇವು ನಮಗೆ ಔಷಧಿ, ಬೆಕ್ಕು ನಾಯಿಗೆ ವಾಂತಿ ಭೇದಿ.

ವಿಲ್ಲಾ ಕೆಲಸದವರು ಮೂರು ಗಿಡ ಗುರುತಿಟ್ಕೊಳ್ಳಿ. ಸಾಗೋ ಪಾಮ್ ಪುಟ್ಟ ಈಚಲಿನ ಹಾಗೆ ಕಾಣುತ್ತೆ. ಅದರ ಬೀಜ ತಿಂದ ನಾಯಿಯ ಲಿವರ್ ಕೆಡುತ್ತೆ. ಕಣಗಿಲೆ ಮತ್ತು ಅಡೀನಿಯಂ ಹೃದಯಕ್ಕೇ ಹೊಡೆಯುತ್ತವೆ. ಕಣಗಿಲೆ ಕತ್ತರಿಸಿದ ಕಡ್ಡಿಯನ್ನ ನಾಯಿ ಆಡುವ ಜಾಗದಲ್ಲಿ ಗುಡ್ಡೆ ಹಾಕಬೇಡಿ.

ಇನ್ನು ಗಿಡದ ಕಷ್ಟ. ಬೆಕ್ಕು ಕುಂಡದ ಮಣ್ಣು ಕೆದಕಿ ಅಲ್ಲೇ ಕೂರುತ್ತೆ. ಅದಕ್ಕೆ ಕೆಲವರು ನುಸಿಗುಳಿಗೆ ಹಾಕ್ತಾರೆ. ದಯವಿಟ್ಟು ಬೇಡ, ಅದೂ ಬೆಕ್ಕಿಗೆ ವಿಷವೇ. ಮಣ್ಣಿನ ಮೇಲೆ ಮುಷ್ಟಿ ಗಾತ್ರದ ಕಲ್ಲು ಜೋಡಿಸಿ, ನೀರು ಇಳಿಯುತ್ತೆ, ಉಗುರು ಇಳಿಯೋದಿಲ್ಲ. ಮರಳಿನ ತಟ್ಟೆಯನ್ನೂ ದಿನಾ ಕ್ಲೀನ್ ಮಾಡಿ. ಅದು ಗಲೀಜಾದರೆ ಬೆಕ್ಕು ಕುಂಡ ಹುಡುಕದೆ ಇನ್ನೇನು ಮಾಡುತ್ತೆ?

ಎತ್ತರದಲ್ಲಿಟ್ಟರೆ ಸಾಕು ಅಂತ ನಂಬಬೇಡಿ. ಬೆಕ್ಕು ಹತ್ತದ ಎತ್ತರ ನಾನಂತೂ ಈ ಊರಿನ ಫ್ಲ್ಯಾಟಲ್ಲಿ ನೋಡಿಲ್ಲ. ವಿಷದ ಗಿಡ ಇದ್ದರೆ ಬಾಗಿಲು ಹಾಕುವ ಒಂದು ರೂಮಲ್ಲಿಡಿ. ಲಿಲ್ಲಿ ಆದರೆ ಮನೆಯಿಂದಲೇ ಆಚೆ ಹಾಕಿ. ಕುಂಡದ ಕೆಳಗೆ ಪ್ಲಗ್ ಬೋರ್ಡ್ ಇಡಬೇಡಿ. 30 ಮಿಲಿ ಆಂಪಿಯರಿನ ಇಎಲ್‌ಸಿಬಿ ಇದ್ದದ್ದಕ್ಕೆ ಆ ದಿನ ಬೆಕ್ಕಿಗೂ ಹುಡುಗನಿಗೂ ಶಾಕ್ ಹೊಡೆಯಲಿಲ್ಲ. ಹಳೇ ಬಿಲ್ಡಿಂಗ್ ಆದರೆ ಟೆಸ್ಟ್ ಬಟನ್ ಒಮ್ಮೆ ಒತ್ತಿ ನೋಡಿ. ಬೀಳಲಿಲ್ಲ ಅಂದರೆ ನನಗೆ ಹೇಳಿ, ಬಂದು ನೋಡ್ತೀನಿ.

ಬೀಗದ ಕೈ ಇಸ್ಕೊಳ್ಳುವ ದಿನ ಮನೆಯವರು ಇರುವಾಗಲೇ ಎಲ್ಲ ಗಿಡದ ಫೋಟೋ ತೆಗೀರಿ. ಯಾವ ಡಾಕ್ಟರು, ಖರ್ಚು ಬಂದರೆ ಯಾರು ಕೊಡ್ತಾರೆ ಅಂತ ಬಾಯಿಬಿಟ್ಟು ಕೇಳಿ, ವಾಟ್ಸಾಪಿನಲ್ಲಿ ಬರೆಸ್ಕೊಳ್ಳಿ. ಸಂಕೋಚ ಬೇಡ.

ಬೆಕ್ಕಿಗೆ ಹಸಿರು ಮೆಲ್ಲುವ ಚಪಲ ಹೇಗೂ ಬಿಡೋದಿಲ್ಲ. ಮೊಸರಿನ ಡಬ್ಬಿಯಲ್ಲಿ ಗೋಧಿ ಬಿತ್ತಿ, ವಾರದಲ್ಲಿ ಅದರದ್ದೇ ಹುಲ್ಲು ರೆಡಿ. ನಾನು ಆರು ಡಬ್ಬಿ ಬೆಳೆಸಿ ತಂದಿದ್ದೀನಿ, ಊಟದ ಕೌಂಟರ್ ಪಕ್ಕ ಇಟ್ಟಿದ್ದೀನಿ. ಮನೇಲಿ ಬೆಕ್ಕಿರುವವರು ತಗೊಂಡು ಹೋಗಿ.