ಅರ್ಧ ನಿಮಿಷದ ಗುಟ್ಟು

ಮಕ್ಕಳೇ, ನಿಮ್ಮ ಅಮ್ಮನದೋ ಅಣ್ಣನದೋ ಮೊಬೈಲಿನಲ್ಲಿ ‘ಅಥೆಂಟಿಕೇಟರ್’ ಎನ್ನುವ ಆ್ಯಪ್ ಇದ್ದರೆ, ತೋರಿಸಿ ಎಂದು ಒಮ್ಮೆ ಕೇಳಿ. ಅದರಲ್ಲಿ ಆರು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಮೂವತ್ತು ಸೆಕೆಂಡ್ ಆಯಿತೋ, ಅದು ಮಾಯ, ಹೊಸದು ಹಾಜರ್. ಇಂಟರ್ನೆಟ್ ಆಫ್ ಮಾಡಿ ನೋಡಿ. ಆಗಲೂ ಬದಲಾಗುತ್ತಲೇ ಇರುತ್ತದೆ! ಹಾಗಾದರೆ ಅದನ್ನು ಕಳಿಸುತ್ತಿರುವವರು ಯಾರು?

ಯಾರೂ ಇಲ್ಲ. ಆ್ಯಪ್ ಮತ್ತು ಈ ಸಂಖ್ಯೆ ಕೇಳುವ ಕಂಪ್ಯೂಟರ್ ಎರಡೂ ತಾವೇ ಲೆಕ್ಕ ಮಾಡಿಕೊಳ್ಳುತ್ತವೆ. ನೀವು ಹುಬ್ಬಳ್ಳಿಯಲ್ಲಿ, ನಿಮ್ಮ ಗೆಳತಿ ಮಂಗಳೂರಿನಲ್ಲಿ ಇದ್ದೀರಿ ಎನ್ನೋಣ. 47 ಎಂಬ ಗುಟ್ಟು ನಿಮ್ಮಿಬ್ಬರಿಗೆ ಮಾತ್ರ ಗೊತ್ತು. ಗಡಿಯಾರದ ಗಂಟೆಯಿಂದ ಅದನ್ನು ಗುಣಿಸಬೇಕು ಎಂದು ಮಾತಾಗಿದೆ. ಮೂರು ಗಂಟೆಗೆ ಇಬ್ಬರಿಗೂ 141 ಬರುತ್ತದೆ, ಫೋನ್ ಮಾಡಬೇಕಾಗಿಯೇ ಇಲ್ಲ. ಆದರೆ ಕದ್ದು ಕೇಳಿದವನು 141ನ್ನು ಮೂರರಿಂದ ಭಾಗಿಸಿದರೆ ಗುಟ್ಟು ರಟ್ಟು. ಅದಕ್ಕೇ ಆ್ಯಪ್ ಮಾಡುವ ಲೆಕ್ಕ ಬೀಸುಕಲ್ಲಿನಂಥದ್ದು: ರಾಗಿ ಹಿಟ್ಟಾಗುತ್ತದೆ, ಹಿಟ್ಟು ಮತ್ತೆ ರಾಗಿಯಾಗದು.

ಆರು ಅಂಕಿಯ ಈ ಬೀಗ ಬ್ಯಾಂಕಿನವರಿಗಿಂತಲೂ ಹೆಚ್ಚು ಬೇಕಾಗಿರುವುದು ಕ್ರಿಪ್ಟೋ ಎಕ್ಸ್‌ಚೇಂಜಿಗೆ, ಅಂದರೆ ರೂಪಾಯಿ ಕೊಟ್ಟು ಬಿಟ್‌ಕಾಯಿನ್ ಕೊಳ್ಳುವ, ಮಾರುವ ಆನ್‌ಲೈನ್ ಅಂಗಡಿಗೆ. ಬಿಟ್‌ಕಾಯಿನ್ ಜಣಜಣ ಎನ್ನುವ ನಾಣ್ಯವಲ್ಲ. ಲೋಕದ ಸಾವಿರಾರು ಕಂಪ್ಯೂಟರುಗಳು 2009ರಿಂದ ಒಟ್ಟಾಗಿ ಬರೆಯುತ್ತಿರುವ ಲೆಕ್ಕದ ಪುಸ್ತಕದಲ್ಲಿನ ಒಂದು ಸಾಲು, ಅಷ್ಟೇ. ಸುಮಾರು ಹತ್ತು ನಿಮಿಷಕ್ಕೊಂದು ಪುಟ ತುಂಬುತ್ತದೆ. ನೀವು ಬಿಟ್‌ಕಾಯಿನ್ ಹಾಕಿದೊಡನೆ ಎಕ್ಸ್‌ಚೇಂಜ್ ‘ಬಂತು’ ಎನ್ನುವುದಿಲ್ಲ. ಆ ಸಾಲು ಇರುವ ಪುಟದ ಮೇಲೆ ಇನ್ನೂ ಕೆಲವು ಪುಟ ಕೂರಲಿ ಎಂದು ಕಾಯುತ್ತದೆ. ಅಡಿಯ ಪುಟ ತಿದ್ದಬೇಕಾದರೆ ಮೇಲಿನದ್ದೆಲ್ಲ ಹೊಸದಾಗಿ ಬರೆಯಬೇಕಲ್ಲ!

ಹಣ ಹೋಗಬೇಕಾದ ವಿಳಾಸದಲ್ಲೂ ಒಂದು ಜಾಣತನವಿದೆ. ಹಳೆಯ ಬಗೆಯ ಬಿಟ್‌ಕಾಯಿನ್ ವಿಳಾಸಗಳಲ್ಲಿ ಸೊನ್ನೆ ಇಲ್ಲ, ಇಂಗ್ಲಿಷಿನ ದೊಡ್ಡ ‘ಓ’ ಇಲ್ಲ, ದೊಡ್ಡ ‘ಐ’ ಇಲ್ಲ, ಸಣ್ಣ ‘ಎಲ್’ ಇಲ್ಲ. ಕಣ್ಣು ಮೋಸಹೋಗುವ ಅಕ್ಷರಗಳನ್ನೇ ಕೈಬಿಟ್ಟಿದ್ದಾರೆ. ನಮ್ಮ ಪರೀಕ್ಷೆಯ ನಂಬರುಗಳಿಗೂ ಯಾರಾದರೂ ಹೀಗೆ ಯೋಚಿಸಬಾರದೇ ಎನಿಸುತ್ತದೆ ನನಗೆ.

ಹಣ ತೆಗೆಯಲು ಒಂದು ಕೀಲಿ ಬೇಕು. ಅದೂ ಸಂಖ್ಯೆಯೇ, 78 ಅಂಕಿಗಳವರೆಗೂ ಹೋಗುವ ಸಂಖ್ಯೆ. ಅದು ಯಾರ ಕೈಯಲ್ಲಿದೆಯೋ ಹಣ ಅವರದು. ಎಕ್ಸ್‌ಚೇಂಜಿನವರು ದಿನದ ಚಿಲ್ಲರೆ ವ್ಯವಹಾರದ ಕೀಲಿಗಳನ್ನು ಮಾತ್ರ ಇಂಟರ್ನೆಟ್ಟಿಗೆ ಸೇರಿದ ಕಂಪ್ಯೂಟರಿನಲ್ಲಿ ಇಡುತ್ತಾರೆ. ಅದು ‘ಹಾಟ್ ವಾಲೆಟ್’, ಅಂಗಡಿಯ ಗಲ್ಲಾಪೆಟ್ಟಿಗೆ ಇದ್ದಂತೆ. ಉಳಿದ ಕೀಲಿಗಳಿಗೆ ಇಂಟರ್ನೆಟ್ಟಿನ ಗಾಳಿಯೂ ಸೋಕಬಾರದು. ಅದು ‘ಕೋಲ್ಡ್ ವಾಲೆಟ್’, ತಿಜೋರಿ.

ಈ ಎಚ್ಚರ ತಪ್ಪಿದರೆ ಏನಾಗುತ್ತದೆಂದು ಟೋಕಿಯೋದ ಮೌಂಟ್ ಗಾಕ್ಸ್ ತೋರಿಸಿತು. ಒಂದು ಕಾಲದಲ್ಲಿ ಲೋಕದಲ್ಲೇ ದೊಡ್ಡದಾಗಿದ್ದ ಎಕ್ಸ್‌ಚೇಂಜ್ ಅದು. ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿದೆ ಎಂದು 2014ರ ಫೆಬ್ರವರಿಯಲ್ಲಿ ದಿವಾಳಿ ಎದ್ದಿತು. ತಮಾಷೆ ನೋಡಿ, ಮುಂದಿನ ತಿಂಗಳೇ ತಮ್ಮದೇ ಹಳೆಯ ವಾಲೆಟ್ಟಿನಲ್ಲಿ 2 ಲಕ್ಷ ಸಿಕ್ಕಿತು! ಮಿಕ್ಕದ್ದು ಸಿಗಲಿಲ್ಲ. ಗ್ರಾಹಕರಿಗೆ ಬಿಟ್‌ಕಾಯಿನ್ ಹಿಂತಿರುಗಿಸಲು ತೊಡಗಿದ್ದು 2024ರಲ್ಲಿ.

ಗ್ರಾಹಕರು ಎಕ್ಸ್‌ಚೇಂಜಿನಿಂದ ಹಣ ತೆಗೆಯುವಾಗ ಪಾಸ್‌ವರ್ಡ್ ಸಾಲದು, ಆ್ಯಪಿನ ಆ ಆರು ಅಂಕಿಯೂ ಬೇಕು. ಲೆಕ್ಕದ ಪುಸ್ತಕಕ್ಕೆ ರಬ್ಬರ್ ಇಲ್ಲ, ಹೋದದ್ದು ಹೋದಂತೆಯೇ. ಆದ್ದರಿಂದ ಮನೆಯ ದೊಡ್ಡವರಿಗೆ ಯಾರಾದರೂ ಫೋನ್ ಮಾಡಿ, “ಆ ನಂಬರ್ ಸ್ವಲ್ಪ ಓದಿ ಹೇಳಿ ಸಾರ್” ಎಂದರೆ, ಪಕ್ಕದಲ್ಲಿರುವ ನೀವು ಜೋರಾಗಿ “ಬೇಡ” ಎನ್ನಿ.