ಕಂತು ಕಟ್ಟುವ ದಿನ



ಯಶವಂತಪುರದ ಮಂಡಿಯಿಂದ ಈರುಳ್ಳಿ, ಆಲೂಗಡ್ಡೆ ತಂದು ತಳ್ಳುಗಾಡಿಯಲ್ಲಿ ಮಾರುವವರ ಕೈಗೆ ದುಡ್ಡು ದಿನದಿನವೂ ಬರುತ್ತದೆ. ಹೆಬ್ಬಾಳದ ಕಡೆ ಗಾರೆ ಕೆಲಸಕ್ಕೆ ಹೋಗುವವರಿಗೆ ವಾರದ ಬಟವಾಡೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ತಿಂಗಳ ಸಂಬಳ. ಈ ಮೂವರೂ ಒಂದೇ ಸಂಘದಲ್ಲಿ ಸಾಲ ತೆಗೆದರೆ ಕಂತಿನ ದಿನ ಮಾತ್ರ ಮೂವರಿಗೂ ಒಂದೇ. ತಿಂಗಳ ಮೂರನೆಯ ವಾರ ಸಂಬಳದ ಮನೆಯಲ್ಲಿ ಅಕ್ಕಿ ಡಬ್ಬದ ತಳ ಕಾಣುತ್ತಿರುತ್ತದೆ. ಆಗ ಕಂತಿಗೆಂದು ಕೈಸಾಲ, ಕೈಸಾಲ ತೀರಿಸಲು ಇನ್ನೊಂದು ಸಂಘ. ಬಡವರ ಸಾಲ ಹದಗೆಡುವುದು ಎಷ್ಟೋ ಸಲ ಇಲ್ಲಿಂದಲೇ ಎಂದು ನಾನು ನಂಬಿದ್ದೇನೆ.

ಈ ಸಾಲಕ್ಕೆ ಒಡವೆ, ಮನೆಪತ್ರ ಯಾವುದೂ ಅಡವಿಲ್ಲ. ಒಬ್ಬರಿಗೆ ಇನ್ನೊಬ್ಬರು ಹೊಣೆ. ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನುಸ್ ಅವರ ಗ್ರಾಮೀಣ ಬ್ಯಾಂಕ್ ಬೆಳೆಸಿದ ಈ ಪದ್ಧತಿಯನ್ನೇ 1999ರಲ್ಲಿ ಬೆಂಗಳೂರಿನ ‘ಗ್ರಾಮೀಣ ಕೂಟ’ ಹಿಡಿಯಿತು. ಹೆಂಗಸರು ಕಂತು ತಪ್ಪಿಸದಿರುವುದು ಪಕ್ಕದ ಮನೆಯವರೆದುರು ಮಾತು ಉಳಿಸಿಕೊಳ್ಳಲು, ಮುಂದಿನ ದೊಡ್ಡ ಸಾಲದ ಆಸೆಗೆ. ಅದಕ್ಕಾಗಿ ಊಟ ಬಿಟ್ಟವರೂ ಇದ್ದಾರೆ.

ಹಾಗಿದ್ದೂ ವಾರದ ಕಂತು ಬಿಟ್ಟರೆ ಶಿಸ್ತು ಕೆಡುತ್ತದೆ ಎಂಬ ಭಯ ಸಾಲ ಕೊಡುವವರಿಗೆ. ಕೋಲ್ಕತ್ತದಲ್ಲಿ ಸಂಶೋಧಕರು ಕೆಲವು ಗುಂಪುಗಳಿಗೆ ವಾರದ ಕಂತು, ಕೆಲವಕ್ಕೆ ತಿಂಗಳ ಕಂತು ಗೊತ್ತು ಮಾಡಿ ನೋಡಿದರು. ತಿಂಗಳಿಗೊಮ್ಮೆ ಕಟ್ಟಿದವರು ಹೆಚ್ಚು ಬಾಕಿ ಉಳಿಸಲಿಲ್ಲ. ಇನ್ನೊಂದು ಪ್ರಯೋಗದಲ್ಲಿ ಮೊದಲ ಕಂತಿಗೆ ಎರಡು ತಿಂಗಳು ಬಿಡುವು ಕೊಟ್ಟರು. ಬಿಡುವು ಸಿಕ್ಕವರು ವ್ಯಾಪಾರಕ್ಕೆ ಹೆಚ್ಚು ಬಂಡವಾಳ ಹಾಕಿದರು, ಕಾಲಕ್ರಮೇಣ ಲಾಭವೂ ಹೆಚ್ಚಿತು. ಆದರೆ ಬಾಕಿದಾರರೂ ಹೆಚ್ಚಿದರು. ಆ ಮಾತನ್ನೂ ಮುಚ್ಚಿಡಬಾರದು.

2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು; 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ. ಮನೆ ಬಾಗಿಲಲ್ಲಿ ನಿಂತು ಕೂಗಾಡುವವರಿಗೆ ಅದು ಬೇಕೇ ಬೇಕಿತ್ತು. ಆದರೆ ಅಷ್ಟು ಸದ್ದು ಮಾಡದ ಇನ್ನೊಂದು ನಿಯಮ ಅದಕ್ಕೂ ಮೊದಲೇ ಇದೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಮನೆಗಳ ಇಂಥ ಸಾಲದ ಬಗ್ಗೆ ರಿಸರ್ವ್ ಬ್ಯಾಂಕು 2022ರಲ್ಲಿ ಹೀಗೆ ಹೇಳಿದೆ: ಎಲ್ಲ ಸಾಲಗಳ ಕಂತೂ ಸೇರಿ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು, ಕಂತು ವಾರಕ್ಕೋ ತಿಂಗಳಿಗೋ ಎಂಬುದರಲ್ಲಿ ಸಾಲಗಾರರ ಅನುಕೂಲ ನೋಡಬೇಕು.

ಯಲಹಂಕದಲ್ಲೋ ಆರ್.ಟಿ. ನಗರದಲ್ಲೋ ಸಹಿ ಹಾಕುವ ಮೊದಲು ಅಕ್ಕ-ತಂಗಿಯರು ಕೇಳಲಿ: “ನನ್ನ ಸಂಬಳ ಇಂಥ ತಾರೀಖಿಗೆ, ಕಂತು ಅದರ ಮಾರನೇ ದಿನಕ್ಕೆ ಹಾಕ್ತೀರಾ?” ಹಬ್ಬದ ವ್ಯಾಪಾರದಲ್ಲಿ ನಾಲ್ಕು ಕಾಸು ಹೆಚ್ಚು ಬಂದರೆ ಸಾಲವನ್ನು ಅವಧಿಗೆ ಮೊದಲೇ ತೀರಿಸಿಬಿಡಬಹುದು. ಅದಕ್ಕೆ ದಂಡ ಹಾಕುವಂತಿಲ್ಲ.