ಕೇಳುವ ಸಿದ್ಧತೆ: ಎಚ್‌ಐವಿ ಪರೀಕ್ಷೆ ಮತ್ತು ಬೆಟ್ಟದ ಆರೋಗ್ಯ ಕಾರ್ಯಕರ್ತರು



ಒಬ್ಬ ವ್ಯಕ್ತಿಗೆ ಎಚ್‌ಐವಿ ಇದೆಯೆಂದು ಗೊತ್ತಾದ ದಿನವೇ ಇನ್ನೊಂದು ಪ್ರಶ್ನೆ ಏಳುತ್ತದೆ. ಇವರ ಹೆಂಡತಿಗೆ ಅಥವಾ ಗಂಡನಿಗೆ, ಮಕ್ಕಳಿಗೆ ಪರೀಕ್ಷೆ ಆಗಿದೆಯೆ? ಅದನ್ನು ಬಾಯಿಬಿಟ್ಟು ಕೇಳಬೇಕಾದವರು ನರ್ಸು, ಆಪ್ತಸಮಾಲೋಚಕರು, ವೈದ್ಯರು. ಅವರು ಕೇಳಲು ಸಿದ್ಧರಿದ್ದಾರೆಯೆ, ಸಿದ್ಧರಾಗಬೇಕಾದರೆ ಅವರಿಗೆ ಏನೇನು ಬೇಕು ಎಂಬುದೇ ಈ ಉಪನ್ಯಾಸದ ವಿಷಯ. ನಾನು ಹೇಳಬೇಕೆಂದಿರುವುದು ಇಷ್ಟೇ: ಆ ಸಿದ್ಧತೆ ಹುಟ್ಟುಗುಣವಲ್ಲ, ಧೈರ್ಯವಂತರ ಸ್ವತ್ತೂ ಅಲ್ಲ. ಅದು ವ್ಯವಸ್ಥೆ ತನ್ನ ಕೆಲಸಗಾರರಿಗೆ ಕಟ್ಟಿಕೊಡಬೇಕಾದ ಅನುಕೂಲ.

1. ಈ ದಾರಿ, ಈ ಗಡಿ

ಬಣ್ಣಾರಿಯಿಂದ 27 ತಿರುವು ಹತ್ತಿದರೆ ದಿಂಬಂ. ಅಲ್ಲಿಂದ ಮುಂದೆ ಹಾಸನೂರು, ತಾಳವಾಡಿ, ಚಾಮರಾಜನಗರ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ, ಅಂದರೆ ಇಂದಿನ ತಮಿಳುನಾಡಿನಲ್ಲೇ, ಉಳಿಯಿತು. ತಾಳವಾಡಿಯಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತಮಿಳು. ಸೋಲಿಗರು, ಊರಾಳಿಗಳು ಸತ್ಯಮಂಗಲ ಹುಲಿ ಮೀಸಲು ಅರಣ್ಯದ ಹಾಡಿಗಳಲ್ಲಿದ್ದಾರೆ. 2022ರ ಫೆಬ್ರವರಿಯಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕಾಡಿನ ಪ್ರಾಣಿಗಳಿಗೆ ಅದು ಬೇಕಾದದ್ದೇ. ಆದರೆ ಒಂದು ರಕ್ತಪರೀಕ್ಷೆಗೆ ಕೆಳಗಿಳಿದು ಮೇಲೆ ಬರಬೇಕಾದವರಿಗೆ ಒಂದು ದಿನದ ಕೂಲಿ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು ಇದೇ ತಮಿಳುನಾಡಿನಲ್ಲಿ. 1986ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕಿ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಅವು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಪರೀಕ್ಷೆಗೊಳಗಾದವು. ಆಗ ಮದ್ದಿರಲಿಲ್ಲ. ಪರೀಕ್ಷೆ ಮಾಡಿ ಹೇಳುವುದೆಂದರೆ ಸಾವಿನ ಸುದ್ದಿ ಕೊಟ್ಟಂತೆಯೇ ಆಗಿತ್ತು. 2004ರ ಏಪ್ರಿಲ್ 1ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆ ಉಚಿತವಾಗಿ ಬಂತು, ತಾಂಬರಂ ಆಸ್ಪತ್ರೆ ಮೊದಲ ಕೇಂದ್ರಗಳಲ್ಲಿ ಒಂದು. 2017ರಿಂದ, ರೋಗನಿರೋಧಕ ಶಕ್ತಿಯನ್ನು ತೋರುವ ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ದೃಢಪಟ್ಟವರಿಗೆಲ್ಲ ಚಿಕಿತ್ಸೆ ಎಂದಾಯಿತು. ಮಾತ್ರೆಯನ್ನು ಬಿಡದೆ ತೆಗೆದುಕೊಂಡು, ರಕ್ತದಲ್ಲಿನ ವೈರಾಣುವನ್ನು ಪತ್ತೆಯಾಗದ ಮಟ್ಟಕ್ಕೆ ಇಳಿಸಿಕೊಂಡು ಹಾಗೆಯೇ ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಇದು ದೊಡ್ಡ ಅಧ್ಯಯನಗಳಲ್ಲಿ ಸಿದ್ಧವಾದ ಮಾತು. ಹಾಗಾಗಿ ಮನೆಯವರಿಗೆ ಪರೀಕ್ಷೆ ಮಾಡಿಸಿ ಎಂದು ಹೇಳುವುದು ಇಂದು ಚಿಕಿತ್ಸೆಗೆ ಕರೆಯುವ ಮಾತು.

2. ಯಾರು ಹತ್ತಿರದವರು

ಕ್ಷಯದ ವಿಷಯದಲ್ಲಿ ನಮ್ಮ ಕಾರ್ಯಕರ್ತರಿಗೆ ಅಳುಕಿಲ್ಲ. ರೋಗಿ ಸಿಕ್ಕರೆ ಮನೆಯವರನ್ನೆಲ್ಲ ಕೂರಿಸಿ ಕೆಮ್ಮು, ಜ್ವರ, ತೂಕ ವಿಚಾರಿಸುತ್ತಾರೆ. ಎಚ್‌ಐವಿಯಲ್ಲಿ ಈ ಕ್ರಮ ನಡೆಯುವುದಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಒಂದೇ ಚಾಪೆಯಲ್ಲಿ ಮಲಗುವುದರಿಂದ ಇದು ಬರುವುದಿಲ್ಲ. ಪರೀಕ್ಷೆ ಬೇಕಾದವರು ಲೈಂಗಿಕ ಸಂಗಾತಿಗಳು, ಸೂಜಿ ಹಂಚಿಕೊಂಡವರು, ಸೋಂಕಿತ ತಾಯಿಯ ಮಕ್ಕಳು. ಅತ್ತೆಯಾಗಲಿ, ನೆರೆಮನೆಯವರಾಗಲಿ ಇದರಲ್ಲಿ ಬರುವುದಿಲ್ಲ. ಅವರಿಗೆ ವಿಷಯ ತಿಳಿಯಬೇಕಾದ ಅಗತ್ಯವೂ ಇಲ್ಲ.

ಮಕ್ಕಳ ವಿಚಾರದಲ್ಲಿ ಒಂದು ಎಚ್ಚರ ಬೇಕು. ಹೊಟ್ಟೆಯಲ್ಲಿರುವ ಮಗುವಿಗಾಗಿ ಬಸುರಿಯನ್ನು ಪರೀಕ್ಷಿಸುವ ಪದ್ಧತಿ ಗಟ್ಟಿಯಾಗಿದೆ. ಆದರೆ ತಾಯಿಗೆ ಸೋಂಕಿದೆಯೆಂದು ಎರಡನೆಯ ಬಸಿರಲ್ಲಿ ಗೊತ್ತಾದರೆ, ಶಾಲೆಗೆ ಹೋಗುತ್ತಿರುವ ಮೊದಲ ಮಗುವಿನ ನೆನಪು ಯಾರಿಗೂ ಆಗದೆ ಹೋಗಬಹುದು. ಆಟವಾಡಿಕೊಂಡಿದೆ ಎಂದ ಮಾತ್ರಕ್ಕೆ ಆ ಮಗುವಿಗೆ ಸೋಂಕಿಲ್ಲ ಎಂದು ಹೇಳಲಾಗದು. ಎಳೆಗೂಸಿನ ರಕ್ತದಲ್ಲಿ ತಾಯಿಯ ಪ್ರತಿಕಾಯಗಳಿರುವುದರಿಂದ ಹದಿನೆಂಟು ತಿಂಗಳೊಳಗೆ ಮಾಮೂಲಿ ಪರೀಕ್ಷೆ ಸಾಲದು, ಆರು ವಾರಕ್ಕೆ ಒಣರಕ್ತದ ಮಾದರಿ ಕಳುಹಿಸಿ ವೈರಾಣುವನ್ನೇ ಹುಡುಕಬೇಕು. ದೊಡ್ಡ ಮಗುವಿನ ಮೊದಲ ಪರೀಕ್ಷೆಗೆ ಬೆರಳಿನ ಒಂದು ಹನಿ ರಕ್ತ ಸಾಕು.

3. ಬಾಯಿ ಕಟ್ಟುವುದೇಕೆ

ಇಷ್ಟೆಲ್ಲ ಗೊತ್ತಿದ್ದೂ ಕಾರ್ಯಕರ್ತರು "ನಿಮ್ಮ ಮನೆಯವರನ್ನೂ ಒಂದ್ಸಲ ಕರ್ಕೊಂಡು ಬನ್ನಿ" ಎಂಬ ಒಂದು ಮಾತಿಗೆ ನಿಂತುಬಿಡುತ್ತಾರೆ. ರೋಗಿ "ಯಾರ್ಗೂ ಹೇಳ್ಬ್ಯಾಡಿ ಸಿಸ್ಟರಮ್ಮ" ಎನ್ನುತ್ತಾರೆ. ಸಿಸ್ಟರು ತಲೆಯಾಡಿಸುತ್ತಾರೆ. ಕಡತ ಮುಚ್ಚುತ್ತದೆ.

ಇದನ್ನು ಉದಾಸೀನ ಎಂದು ಕರೆದರೆ ಅನ್ಯಾಯವಾದೀತು. ಗುಟ್ಟು ಕಾಪಾಡಬೇಕೆಂದು ಅವರಿಗೆ ತರಬೇತಿಯಲ್ಲಿ ಮತ್ತೆ ಮತ್ತೆ ಹೇಳಿದ್ದಾರೆ, ಗುಟ್ಟು ಒಡೆಯದೆ ಕೇಳುವುದು ಹೇಗೆಂದು ಅಭ್ಯಾಸ ಮಾಡಿಸಿಲ್ಲ. ತಾನು ಬಾಯಿಬಿಟ್ಟರೆ ಆ ಹೆಣ್ಣುಮಗಳನ್ನು ಗಂಡ ಹೊಡೆದಾನು, ಮನೆಯಿಂದ ಹೊರಹಾಕಿಯಾನು ಎಂಬ ಭಯವಿದೆ, ಅದು ಬರಿಯ ಊಹೆಯೂ ಅಲ್ಲ. ಹಳ್ಳಿಯ ನರ್ಸು ಅದೇ ಊರಿನ ಬಾವಿಯ ನೀರು ಕುಡಿಯುವವರು, ನಾಳೆ ಅದೇ ಮನೆಗೆ ಮಗುವಿನ ಚುಚ್ಚುಮದ್ದಿಗೆ ಹೋಗಬೇಕು. ಲೈಂಗಿಕತೆಯ ಬಗ್ಗೆ, ಅದರಲ್ಲೂ ವಯಸ್ಸಿನಲ್ಲಿ ಹಿರಿಯರಾದವರನ್ನು ಕೇಳುವ ಸಂಕೋಚ ಬೇರೆ. ಕೆಲವರಲ್ಲಿ ತೀರ್ಪು ಕೊಡುವ ಮನಸ್ಸೂ ಇರುತ್ತದೆ ಎಂಬುದನ್ನು ಒಪ್ಪೋಣ. "ಇವರು ಮಾಡಿಕೊಂಡದ್ದು" ಎಂಬ ಭಾವ ಮುಖದ ಮೇಲೆ ಒಂದು ಕ್ಷಣ ಸುಳಿದರೂ ಎದುರಿಗಿರುವವರ ಬಾಯಿ ಮುಚ್ಚುತ್ತದೆ.

ಈ ಗಡಿಯಲ್ಲಿ ಇನ್ನೊಂದು ತೊಡಕಿದೆ. ಆಪ್ತಸಮಾಲೋಚಕರು ಕೆಳನಾಡಿನಿಂದ ಬಂದವರಾಗಿ ಅವರಿಗೆ ಕನ್ನಡ ಬಾರದಿದ್ದರೆ, ಮಾತು ದಾಟಿಸಲು ಪಕ್ಕದಲ್ಲಿ ಯಾರು ನಿಲ್ಲುತ್ತಾರೆ? ಸಾಮಾನ್ಯವಾಗಿ ಜೊತೆಗೆ ಬಂದ ಅಣ್ಣನೋ, ಗಂಡನೋ, ಪಕ್ಕದ ಮನೆಯವರೋ. ಅಲ್ಲಿಗೆ ಗುಟ್ಟು ಮುಗಿಯಿತು. ಭಾಷೆ ಇಲ್ಲಿ ಸೌಜನ್ಯದ ಪ್ರಶ್ನೆ ಮಾತ್ರ ಅಲ್ಲ, ಸುರಕ್ಷತೆಯ ಪ್ರಶ್ನೆ.

4. ಕಾನೂನು ನಡೆದು ಬಂದ ಹಾದಿ

ಚೆನ್ನೈನ ಆಸ್ಪತ್ರೆಯೊಂದರಲ್ಲಿ ರಕ್ತ ಕೊಟ್ಟ ವೈದ್ಯರೊಬ್ಬರಿಗೆ ಸೋಂಕಿದೆಯೆಂಬುದು ಹೊರಬಿದ್ದು ನಿಶ್ಚಯವಾಗಿದ್ದ ಮದುವೆ ಮುರಿಯಿತು. ಆ ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟ್ ವಧುವಿನ ಆರೋಗ್ಯದ ಹಕ್ಕೇ ಮೇಲು ಎಂದಿತು, ಸೋಂಕಿತರ ಮದುವೆಯ ಹಕ್ಕಿನ ಮೇಲೂ ಮಾತು ಎತ್ತಿತು. ಮದುವೆಯ ಬಗೆಗಿನ ಆ ಮಾತುಗಳು ಅನಗತ್ಯವಾಗಿದ್ದವು ಎಂದು 2002ರಲ್ಲಿ ಅದೇ ನ್ಯಾಯಾಲಯ ತಿದ್ದಿಕೊಂಡಿತು. ಈ ಎರಡು ಹಕ್ಕುಗಳ ಜಗ್ಗಾಟಕ್ಕೆ ಹೆಚ್ಚು ನಯವಾದ ಉತ್ತರ ಕೊಟ್ಟದ್ದು 2017ರ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ.

ಅದರ 9ನೇ ಕಲಮನ್ನು ಪ್ರತಿ ಆರೋಗ್ಯ ಕೇಂದ್ರದಲ್ಲೂ ಓದಿ ಚರ್ಚಿಸಬೇಕು. ವೈದ್ಯರು ಅಥವಾ ಆಪ್ತಸಮಾಲೋಚಕರು ಸಂಗಾತಿಗೆ ತಾವೇ ತಿಳಿಸಬಹುದು, ಆದರೆ ಸಂಗಾತಿಗೆ ನಿಜವಾದ ಅಪಾಯವಿರಬೇಕು, ನೀವೇ ತಿಳಿಸಿ ಎಂದು ಸೋಂಕಿತರಿಗೆ ಮೊದಲು ಸಲಹೆ ಕೊಟ್ಟಿರಬೇಕು, ಅವರು ತಿಳಿಸುವುದಿಲ್ಲವೆಂದು ಖಚಿತವಾಗಿರಬೇಕು, ನಾವು ತಿಳಿಸಲಿದ್ದೇವೆ ಎಂದು ಅವರಿಗೆ ಹೇಳಿರಬೇಕು. ತಿಳಿಸುವುದು ಮುಖಾಮುಖಿಯಾಗಿ, ಸಮಾಲೋಚನೆಯ ನಂತರ. ಸೋಂಕಿತೆ ಹೆಣ್ಣಾಗಿದ್ದು, ತಿಳಿಸಿದರೆ ಹಿಂಸೆಯೋ ಪರಿತ್ಯಾಗವೋ ಆಗಬಹುದೆಂಬ ಸಕಾರಣ ಭಯವಿದ್ದರೆ ತಿಳಿಸಕೂಡದು. ಸಂಗಾತಿಯನ್ನು ಹುಡುಕಿ ಪತ್ತೆಮಾಡುವ ಹೊಣೆಯೂ ಕಾರ್ಯಕರ್ತರ ಮೇಲಿಲ್ಲ. ಈ ಕಲಮಿನಂತೆ ತಿಳಿಸಿದ್ದಕ್ಕಾಗಲಿ ತಿಳಿಸದಿದ್ದಕ್ಕಾಗಲಿ ಅವರ ಮೇಲೆ ಮೊಕದ್ದಮೆ ನಿಲ್ಲುವುದಿಲ್ಲ. ಕಾರ್ಯಕರ್ತರ ಅರ್ಧ ಭಯ ಕಳೆಯಲು ಇಷ್ಟು ತಿಳಿವಳಿಕೆ ಸಾಕು.

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಕೊಟ್ಟ ಮಾರ್ಗಸೂಚಿ ಇನ್ನೂ ಕೆಲವು ದಾರಿ ತೋರುತ್ತದೆ. ಸೋಂಕಿತರೇ ಸಂಗಾತಿಗೆ ಹೇಳಬಹುದು. ಇಂತಿಷ್ಟು ದಿನದೊಳಗೆ ಹೇಳಲಾಗದಿದ್ದರೆ ಕಾರ್ಯಕರ್ತರು ಹೇಳಲಿ ಎಂದು ಒಪ್ಪಂದ ಮಾಡಿಕೊಳ್ಳಬಹುದು. ಅವರ ಒಪ್ಪಿಗೆ ಪಡೆದು, ಹೆಸರೆತ್ತದೆ ಸಂಗಾತಿಯನ್ನು ಪರೀಕ್ಷೆಗೆ ಕರೆಯಬಹುದು. ಸೋಂಕಿತರೂ ಕಾರ್ಯಕರ್ತರೂ ಒಟ್ಟಿಗೆ ಕೂತು ಸಂಗಾತಿಗೆ ಹೇಳಬಹುದು. ಈ ನಾಲ್ಕೂ ದಾರಿಗಳ ಬುಡದಲ್ಲಿರುವ ನಿಯಮ ಒಂದೇ: ಒಪ್ಪಿಗೆ. ಬೇಡ ಎಂದವರ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗಬಾರದು.

5. ಏನು ಮಾಡಬೇಕು

ಮೊದಲನೆಯದು, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ಸಾಲಿನಲ್ಲಿ ನಿಂತವರ ಕಿವಿಗೆ ಬೀಳುವಲ್ಲಿ ಈ ಪ್ರಶ್ನೆ ಕೇಳುವುದಕ್ಕಿಂತ ಕೇಳದಿರುವುದೇ ಲೇಸು.

ಎರಡನೆಯದು, ಅಭ್ಯಾಸ. ಭಾಷಣದ ತರಬೇತಿ ಸಾಲದು. ಒಬ್ಬರು ರೋಗಿಯಾಗಿ, ಒಬ್ಬರು ನರ್ಸಾಗಿ ಎದುರುಬದುರು ಕೂತು ಮಾತಾಡಿ ಕಲಿಯಬೇಕು. "ಮನೇಲಿ ಈ ವಿಷಯ ಗೊತ್ತಾದ್ರೆ ನಿಮಗೇನಾದ್ರೂ ತೊಂದ್ರೆ ಆಗುತ್ತಾ ಅಕ್ಕ?" ಎಂಬ ಪ್ರಶ್ನೆ ಮೊದಲು ಬರಬೇಕು, ಸಂಗಾತಿಯ ಹೆಸರು ಆಮೇಲೆ.

ಮೂರನೆಯದು, ಕನ್ನಡ ಬಲ್ಲ, ಹಾಡಿಯ ಮಾತು ಬಲ್ಲ ಸಮಾಲೋಚಕರು. ಸೋಲಿಗ, ಊರಾಳಿ ಯುವಕ ಯುವತಿಯರನ್ನೇ ತರಬೇತಿಗೆ ಕರೆಯಬಹುದು, ಆದರೆ ಅವರು ತಮ್ಮದೇ ಹಾಡಿಯವರ ಪ್ರಕರಣ ನೋಡದಂತೆ ಏರ್ಪಾಡು ಇರಲಿ.

ನಾಲ್ಕನೆಯದು, ಎರಡು ರಾಜ್ಯಗಳ ನಡುವೆ ಕೈ ಸೇರಬೇಕು. ಗಂಡ ತಮಿಳುನಾಡಿನ ಈರೋಡಿನ ಕಡೆ, ಹೆಂಡತಿಯ ತವರು ಕರ್ನಾಟಕದ ಚಾಮರಾಜನಗರದ ಕಡೆ ಇರುವುದು ಇಲ್ಲಿ ಹೊಸತಲ್ಲ. ಒಪ್ಪಿಗೆ ಕೊಟ್ಟವರನ್ನು ಆಚೆಯ ಕೇಂದ್ರಕ್ಕೆ ತಲುಪಿಸುವ ಸರಳ ದಾರಿ ಬೇಕು.

ಐದನೆಯದು, ಗುರಿಯ ಸಂಖ್ಯೆ ಕೊಟ್ಟು ಕಾರ್ಯಕರ್ತರನ್ನು ಅಟ್ಟಬೇಡಿ. ಇಷ್ಟು ಹೆಸರು ತನ್ನಿ ಎಂದರೆ ಒಪ್ಪಿಗೆ ಒತ್ತಾಯವಾಗುತ್ತದೆ. ಎಷ್ಟು ಜನರನ್ನು ಕರೆತಂದಿರಿ ಎನ್ನುವ ಬದಲು ಎಷ್ಟು ಜನರನ್ನು ಗೌರವದಿಂದ ಕೇಳಿದಿರಿ, ಬಂದವರಲ್ಲಿ ಎಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿತು ಎಂದು ಕೇಳಿ.

ಊರಿನವರಿಗೂ ಒಂದು ಪಾಲಿದೆ. ಯಾರು ಯಾಕೆ ಆಸ್ಪತ್ರೆಗೆ ಹೋದರು ಎಂದು ಬಸ್ಸಿನಲ್ಲಿ ಲೆಕ್ಕ ಹಾಕುವುದನ್ನು ಬಿಡೋಣ. ಅನುಮಾನವಿರುವವರು 1097 ಎಂಬ ಉಚಿತ ಸಹಾಯವಾಣಿಗೆ ಮಾತಾಡಲಿ. ಕಾರ್ಯಕರ್ತ ಬಂಧುಗಳೇ, ನಿಮ್ಮ ಬಾಯಲ್ಲಿ ಒಂದು ಸರಿಯಾದ ಪ್ರಶ್ನೆ ಇದ್ದರೆ ಒಬ್ಬ ತಾಯಿ, ಒಂದು ಮಗು ಸಕಾಲಕ್ಕೆ ಚಿಕಿತ್ಸೆಗೆ ಬರುತ್ತಾರೆ. ಅದನ್ನು ಕೇಳಲು ಬೇಕಾದ ಕೋಣೆ, ಭಾಷೆ, ಸಮಯ, ಕಾನೂನಿನ ತಿಳಿವಳಿಕೆಯನ್ನು ನಿಮ್ಮ ಮೇಲಧಿಕಾರಿಗಳಿಂದ ಹಕ್ಕಿನಿಂದ ಕೇಳಿ ಪಡೆಯಿರಿ. ಆ ಬೇಡಿಕೆಗೆ ದನಿಗೂಡಿಸುವುದು ಈ ಸಭೆಯಲ್ಲಿರುವ ನಮ್ಮೆಲ್ಲರ ಕೆಲಸ.